ನಮ್ಮಲ್ಲಿ ಮೀನು ಕಮ್ಮಿ, ಪಕ್ಕದ ದೇಶದವರು ಬಾಚ್ಕೊಂಡು ಹೋಗ್ತಿದ್ದಾರೆ ಅಂತಾರಲ್ಲ, ನಿಜಾನಾ?

ಕುಣಿಗಲ್ ಕುದುರೆ
ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಮೀನು ತರೋಕೆ ಹೋಗಿದ್ದೆ. ಬಂಗುಡೆ ಕೆ.ಜಿ.ಗೆ 320 ಅಂದರು. ಮೇ ತಿಂಗಳಲ್ಲಿ 220ಕ್ಕೆ ತಂದಿದ್ದೆ. ಯಾಕಣ್ಣ ಇಷ್ಟೊಂದು ಅಂತ ಕೇಳಿದರೆ, ಅಂಗಡಿಯವರು ಮೀನು ಸೀಳುತ್ತಾ ತಲೆ ಕೂಡ ಎತ್ತಲಿಲ್ಲ. "ಸಮುದ್ರದಲ್ಲಿ ಮೀನೇ ಇಲ್ಲ ಸಾರ್. ಬಾಂಗ್ಲಾದವರು, ಲಂಕಾದವರು ಎಲ್ಲಾ ಬಾಚ್ಕೊಂಡು ಹೋಗ್ತಾವ್ರೆ" ಅಂದರು. ಪಕ್ಕದಲ್ಲಿ ನಿಂತಿದ್ದ ಇಬ್ಬರು ಹೌದು ಹೌದು ಅಂತ ತಲೆ ಆಡಿಸಿದರು.

ಮನೆಗೆ ಬಂದು ಸುಮ್ನೆ ಕೂರಲಾಗದೆ ಹುಡುಕಿದೆ. ನಮ್ಮ ದೇಶದ ಮೀನು ಉತ್ಪಾದನೆ 2013-14ರಲ್ಲಿ 95.79 ಲಕ್ಷ ಟನ್ ಇತ್ತಂತೆ. 2022-23ಕ್ಕೆ 175.45 ಲಕ್ಷ ಟನ್. ಹತ್ತು ವರ್ಷಕ್ಕೆ ಹೆಚ್ಚುಕಮ್ಮಿ ಎರಡು ಪಟ್ಟು! ಹಾಗಾದರೆ ಮೀನೇ ಇಲ್ಲ ಅನ್ನೋದು ಸುಳ್ಳಾ? ಇಲ್ಲ ಈ ಲೆಕ್ಕ ಸುಳ್ಳಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ತಿಪಟೂರು ಕೊಬ್ಬರಿ
ನಾನು ಮೀನು ಮುಟ್ಟೋನಲ್ಲ. ಆದರೆ ಕೊಬ್ಬರಿ ರೇಟು ನೋಡಿ ನೋಡಿ ಸಾಕಾಗಿದೆ. ಬೇರೆಯವರ ರೇಟಿನ ಗೋಳು ಕೇಳೋಣ ಅಂತ ಬಂದೆ. ಮುಂದುವರಿಸಿ.

ಕೋಲಾರದ ಲೆಕ್ಕಿಗ
ಕುದುರೆಯವರೇ, ನೀವು ಹೇಳಿದ ಅಂಕಿ ಸರಿಯಾಗಿಯೇ ಇದೆ. ಆದರೆ ಆ 175 ಲಕ್ಷದೊಳಗೆ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬಿದ್ದಾರೆ. ಒಂದು ಸಾಕಿದ ಮೀನು, ಇನ್ನೊಂದು ಹಿಡಿದ ಮೀನು. ಅದರಲ್ಲಿ ಸುಮಾರು 131 ಲಕ್ಷ ಟನ್ ಒಳನಾಡಿನದು. ಅದರ ದೊಡ್ಡ ಪಾಲು ಆಂಧ್ರದಂಥ ಕಡೆ ಹೊಂಡ ತೋಡಿ ಬೆಳೆಸಿದ ಕಾಟ್ಲಾ, ರೋಹು. ಸಮುದ್ರದ್ದು 44 ಲಕ್ಷ ಚಿಲ್ಲರೆ ಮಾತ್ರ. ಎರಡು ಪಟ್ಟು ಆಗಿದ್ದು ಹೊಂಡ, ಸಮುದ್ರ ಅಲ್ಲ.

ಬರೀ ಸಮುದ್ರದ್ದು ನೋಡಬೇಕಾದರೆ ಕೊಚ್ಚಿಯಲ್ಲಿರುವ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕ ನೋಡಿ. 2012ರಲ್ಲಿ 39.4 ಲಕ್ಷ ಟನ್. 2020ರಲ್ಲಿ ಲಾಕ್‌ಡೌನ್, 27.3 ಲಕ್ಷ. 2022ರಲ್ಲಿ 34.9, 2023ರಲ್ಲಿ 35.3, 2024ರಲ್ಲಿ 34.7. ಅಂದರೆ ಹನ್ನೆರಡು ವರ್ಷ ಆದರೂ 2012ರ ಗಡಿ ಮುಟ್ಟಿಲ್ಲ. ಏರೋದೂ ಇಲ್ಲ, ತೀರಾ ಬೀಳೋದೂ ಇಲ್ಲ.

ಇದು ನಮ್ಮೊಬ್ಬರ ಕತೆಯಲ್ಲ. ಇಡೀ ಪ್ರಪಂಚದಲ್ಲಿ ಹಿಡಿಯುವ ಮೀನು 1980ರ ದಶಕದ ಕೊನೆಯಿಂದ ವರ್ಷಕ್ಕೆ 8.6 ಕೋಟಿಯಿಂದ 9.4 ಕೋಟಿ ಟನ್ನಿನ ನಡುವೆಯೇ ಓಲಾಡುತ್ತಿದೆ. ಸಾಕುವುದು ಮಾತ್ರ ಬೆಳೆಯುತ್ತಾ ಹೋಯಿತು. 2022ರಲ್ಲಿ ಮೊದಲ ಸಲ ಸಾಕಿದ್ದು ಹಿಡಿದದ್ದನ್ನು ದಾಟಿತು.

ಕೆರೆ ಸೊಸೈಟಿ
ಲೆಕ್ಕಿಗರೇ, ನಮಸ್ಕಾರ. ನಾನು ಮುಳಬಾಗಿಲು ಕಡೆಯವನು, ಮೀನುಗಾರರ ಸೊಸೈಟಿಯಲ್ಲಿದ್ದೀನಿ. ಸಾಕಿದ್ದು, ಹಿಡಿದದ್ದು ಅಂತ ನೀವು ಇಷ್ಟು ಸಲೀಸಾಗಿ ಗೆರೆ ಎಳೆದುಬಿಟ್ಟಿರಲ್ಲ, ನಮ್ಮ ಕೆರೆ ಹತ್ತಿರ ಬಂದು ಎಳೀರಿ ನೋಡೋಣ.

ಮಳೆಗಾಲದಲ್ಲಿ ಕಾಟ್ಲಾ, ರೋಹು, ಮೃಗಾಲ ಮರಿ ತಂದು ಕೆರೆಗೆ ಬಿಡ್ತೀವಿ. ಮೇವು ಹಾಕಲ್ಲ, ಔಷಧಿ ಹಾಕಲ್ಲ. ಕೆರೆಯಲ್ಲಿ ಏನು ಸಿಗುತ್ತೋ ತಿಂದುಕೊಂಡು ಬೆಳೀತಾವೆ. ಎಂಟು ಹತ್ತು ತಿಂಗಳು ಆದಮೇಲೆ ಬೆಳಗಿನ ಜಾವ ನಾಲ್ಕಕ್ಕೆ ಬಲೆ ಎಳೆಯೋದು. ಏರಿ ಮೇಲೆ ಟಾರ್ಚ್ ಬೆಳಕಲ್ಲಿ ವಿಂಗಡಿಸ್ತೀವಿ. ಎರಡು ಕೆ.ಜಿ. ಕಾಟ್ಲಾ ಒಂದು ಬುಟ್ಟಿಗೆ. ಅದೇ ಬಲೆಯಲ್ಲಿ ಜಿಲೇಬಿ ಮೀನು ರಾಶಿ ರಾಶಿ ಬರುತ್ತೆ. ಅದನ್ನ ಯಾರೂ ಬಿಟ್ಟಿಲ್ಲ, ಎಲ್ಲಿಂದ ಬಂತೋ ಆ ದೇವರಿಗೇ ಗೊತ್ತು. ಈಗ ಹೇಳಿ. ಒಂದೇ ಬಲೆಯಲ್ಲಿ ಕಾಟ್ಲಾ ಸಾಕಿದ್ದು, ಜಿಲೇಬಿ ಕಾಡುಮೀನಾ?

ಇನ್ನೊಂದು ಮಾತು. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಬಿಡ್ತಾರಲ್ಲ ಅದು, ಲಕ್ಷ್ಮೀಸಾಗರ ಕೆರೆಗೆ ಬರೋವರೆಗೂ ನಮ್ಮ ಜಿಲ್ಲೆಯ ಎಷ್ಟೋ ಕೆರೆಗಳಲ್ಲಿ ಜಾಲಿ ಬಿಟ್ಟರೆ ಏನೂ ಬೆಳೀತಿರಲಿಲ್ಲ. ಆ ನೀರು ಒಳ್ಳೇದೋ ಕೆಟ್ಟದ್ದೋ ಅನ್ನೋ ಜಗಳ ಇಲ್ಲಿ ಬೇಡ. ನೀರು ಬಂತು, ಬಲೆ ಮತ್ತೆ ಹೆಗಲಿಗೆ ಬಂತು.

ಕೋಲಾರದ ಲೆಕ್ಕಿಗ
ಒಳ್ಳೆ ಪೆಟ್ಟು ಕೊಟ್ಟಿರಿ ಅಣ್ಣ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದಕ್ಕೆ ಒಂದು ಒರೆಗಲ್ಲು ಇಟ್ಟಿದೆ. ಬೆಳೆಯೋದಕ್ಕೆ ಮನುಷ್ಯನ ಕೈ ಸೇರಿ, ಬೆಳೆಯುವಾಗಲೇ ಅದಕ್ಕೆ ಒಬ್ಬ ಮಾಲೀಕ ಇದ್ದರೆ ಅದು ಸಾಕಿದ್ದು. ಯಾರದ್ದೂ ಅಲ್ಲದ್ದನ್ನ, ಲೈಸೆನ್ಸ್ ಇರಲಿ ಇಲ್ಲದಿರಲಿ, ಬಲೆ ಹಾಕಿ ಎತ್ತಿಕೊಂಡರೆ ಅದು ಹಿಡಿದದ್ದು. ನಿಮ್ಮ ಕಾಟ್ಲಾ ಸೊಸೈಟಿಯದ್ದು. ಜಿಲೇಬಿ ಯಾರದ್ದು ಅಂತ ನೀವೇ ತೀರ್ಮಾನ ಮಾಡಿ. ದೇಶಗಳ ಲೆಕ್ಕದಲ್ಲೂ ಇದೇ ತಕರಾರು ಇದೆ.

ಅಂದಹಾಗೆ ಕೆರೆ, ಹೊಳೆಯಲ್ಲಿ ಹಿಡಿಯುವುದರಲ್ಲಿ ಪ್ರಪಂಚಕ್ಕೇ ನಾವು ಮೊದಲು. 2022ರಲ್ಲಿ ಸುಮಾರು 19 ಲಕ್ಷ ಟನ್. ಬಾಂಗ್ಲಾದೇಶ 13 ಲಕ್ಷ, ಚೀನಾ 12 ಲಕ್ಷ, ಮ್ಯಾನ್ಮಾರ್ 9 ಲಕ್ಷ. ಕರ್ನಾಟಕಕ್ಕಿಂತ ಚಿಕ್ಕದಾದ ಬಾಂಗ್ಲಾದೇಶ ಎರಡನೇ ಸ್ಥಾನ! ಅಲ್ಲಿ ಮಳೆಗಾಲದಲ್ಲಿ ಗದ್ದೆ, ಹೊಳೆ, ಹಳ್ಳ ಎಲ್ಲಾ ಒಂದೇ ನೀರಾಗಿ ಹೋಗುತ್ತೆ, ಗದ್ದೆಯಲ್ಲೇ ಮೀನು.

ಗುಬ್ಬಿ ಸೊಸೆ
ತವರು ಮಲ್ಪೆ, ಕೊಟ್ಟಿದ್ದು ಗುಬ್ಬಿಗೆ. ಅದಕ್ಕೇ ಈ ಹೆಸರು. ನಮ್ಮಪ್ಪ ಇಪ್ಪತ್ತೆರಡು ವರ್ಷ ಪರ್ಸೀನ್ ಅನ್ನೋ ಸುತ್ತುಬಲೆ ಬೋಟಿನಲ್ಲಿ ದುಡಿದವರು.

ಕುದುರೆಯಣ್ಣ, ನಿಮ್ಮ ಅಂಗಡಿಯವರಿಗೆ ಮೊದಲು ಒಂದು ಮ್ಯಾಪ್ ತೋರಿಸಿ. ಬಾಂಗ್ಲಾದವರು ಇರೋದು ಬಂಗಾಳ ಕೊಲ್ಲಿಯ ತುದಿಯಲ್ಲಿ. ಮಲ್ಪೆ ಬಂಗುಡೆ ಇರೋದು ಅರಬ್ಬಿ ಸಮುದ್ರದಲ್ಲಿ. ಅವರು ಇಲ್ಲಿಗೆ ಬಂದು ನಮ್ಮ ಬಂಗುಡೆ ಹಿಡಿಯೋಕೆ ಆಗುತ್ತಾ?

ಈಗ ರೇಟು ಏರಿರೋ ಕಾರಣ ಸಿಂಪಲ್. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ರಜೆ. 61 ದಿನ. ಮೀನು ಮೊಟ್ಟೆ ಇಡೋ ಕಾಲ, ಸಮುದ್ರವೂ ರೌದ್ರ. ಬೋಟುಗಳೆಲ್ಲ ಬಂದರಿನಲ್ಲಿ ಸಾಲಾಗಿ ಕಟ್ಟಿರ್ತಾರೆ. ನಾಡದೋಣಿಯವರು ತಂದಿದ್ದು ಅಲ್ಲೇ ಉಡುಪಿ, ಮಂಗಳೂರಿಗೆ ಸಾಲಲ್ಲ, ಇನ್ನು ಶಿರಾಡಿ ಘಾಟಿ ಹತ್ತಿ ಕುಣಿಗಲ್‌ಗೆ ಎಲ್ಲಿಂದ ಬರಬೇಕು? ಪೂರ್ವ ಕರಾವಳಿಯಲ್ಲಿ ಈ ರಜೆ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ಜುಲೈನಲ್ಲಿ ನೀವು ತಿನ್ನೋ ಬಂಗುಡೆ ಹೆಚ್ಚಾಗಿ ತಮಿಳುನಾಡು ಕಡೆದ್ದು, ಇಲ್ಲ ಐಸ್‌ನಲ್ಲಿ ಮಲಗಿದ್ದ ಹಳೇದು.

ಕೋಲಾರದ ಲೆಕ್ಕಿಗ
ಹೌದು ತಾಯಿ. ಹೈವೇ 75 ಒಂದೇ ರಸ್ತೆ. ಉಳಿದ ಕಾಲದಲ್ಲಿ ಮೀನಿನ ಲಾರಿ ಮಂಗಳೂರು, ಹಾಸನ, ಕುಣಿಗಲ್ ಮೇಲೆ ಬಂದು ನಮ್ಮ ಕೋಲಾರ ಕೊನೇದು. ಜೂನ್ ಮಧ್ಯದಿಂದ ಜುಲೈ ಕೊನೆವರೆಗೆ ಚೆನ್ನೈ ಕಡೆಯಿಂದ ಬರುತ್ತೆ, ಕೋಲಾರ ಮೊದಲು, ಕುಣಿಗಲ್ ಕೊನೆ. ಇಷ್ಟು ದಿನ ನಾವು ತಿಂದ ಮಿಕ್ಕಿದ್ದನ್ನ ಈಗ ನೀವು ತಿನ್ನಿ.

ಕುಣಿಗಲ್ ಕುದುರೆ
ಹೊಟ್ಟೆ ಉರಿಸಬೇಡಿ ಸಾರ್. ಸರಿ, ಬಂಗುಡೆ ವಿಷಯ ಅರ್ಥ ಆಯ್ತು. ಆದರೆ ಬಾಂಗ್ಲಾದವರ ಹಿಲ್ಸಾ ಅನ್ನೋ ಮೀನು ಡಬಲ್ ಆಗಿದೆ ಅಂತಲೂ ಓದಿದೆ. ಸಮುದ್ರದ್ದು ಎಲ್ಲೂ ಬೆಳೀತಿಲ್ಲ ಅಂದಮೇಲೆ ಅವರದ್ದು ಹೇಗೆ ಬೆಳೀತು?

ಶಿಡ್ಲಘಟ್ಟ ರೇಷ್ಮೆ
ಇದಕ್ಕೆ ನಾನು ಹೇಳ್ತೀನಿ. ರೇಷ್ಮೆ ಕೆಲಸದ ಮೇಲೆ ಒಂದು ಸಲ ಬಂಗಾಳದ ಮಾಲ್ದಾಕ್ಕೆ ಹೋಗಿದ್ದೆ. ಅಲ್ಲೂ ನಮ್ಮ ಹಾಗೇ ಗೂಡು, ನೂಲು. ಉಳಿಸಿಕೊಂಡಿದ್ದ ಮನೆಯವರು ಇಲಿಶ್ ಮಾಡಿದ್ದರು. ಹಿಲ್ಸಾಕ್ಕೆ ಅವರು ಹಾಗೇ ಅನ್ನೋದು. ಸಾಸಿವೆ ಅರೆದು ಹಾಕಿದ ಸಾರು, ಬಾಯಿ ತುಂಬಾ ಮುಳ್ಳು. ನನಗೆ ತಿನ್ನೋಕೆ ಮುಕ್ಕಾಲು ಗಂಟೆ ಹಿಡೀತು. ಮನೆಯ ಯಜಮಾನರು ಹೇಳಿದ್ದು ಮಾತ್ರ ಮರೆತಿಲ್ಲ: "ಇದು ಡೈಮಂಡ್ ಹಾರ್ಬರ್‌ನದು. ನಮ್ಮ ಗಂಗೆಯಲ್ಲಿ ಈಗ ಎಲ್ಲಿದೆ?"

ಇಲಿಶ್ ಸಮುದ್ರದಲ್ಲಿ ಬೆಳೆದು, ಮೊಟ್ಟೆ ಇಡೋಕೆ ಹೊಳೆ ಹತ್ತಿ ಬರುತ್ತೆ. ಹಿಂದೆ ಅಲಹಾಬಾದ್ ದಾಟಿ ಹೋಗ್ತಿತ್ತಂತೆ. 1975ರಲ್ಲಿ ಫರಕ್ಕಾ ಬ್ಯಾರೇಜ್ ಶುರುವಾದ ಮೇಲೆ ದಾರಿ ಕಟ್ಟಾಯ್ತು. ಮಾಲ್ದಾ ಇರೋದು ಆ ಬ್ಯಾರೇಜಿನ ಪಕ್ಕದಲ್ಲೇ. ಕೆಳಗಡೆ ಪದ್ಮಾ, ಮೇಘನಾ ಹೊಳೆಗಳು ಬಾಂಗ್ಲಾದೇಶದಲ್ಲಿವೆ, ಅಲ್ಲಿ ಇಲಿಶ್ ದಾರಿ ಇನ್ನೂ ತೆರೆದಿದೆ.

ಕೋಲಾರದ ಲೆಕ್ಕಿಗ
ದಾರಿ ತೆರೆದಿದ್ದರೆ ಸಾಲದು. ಅವರು ಒಂದು ಪಟ್ಟು ಹಿಡಿದು ಕೆಲಸ ಮಾಡಿದ್ದಾರೆ. 25 ಸೆಂ.ಮೀ.ಗಿಂತ ಚಿಕ್ಕ ಇಲಿಶ್‌ಗೆ ಜಾಟ್ಕಾ ಅಂತಾರೆ. ನವೆಂಬರ್ 1ರಿಂದ ಜೂನ್ 30ರವರೆಗೆ ಎಂಟು ತಿಂಗಳು ಜಾಟ್ಕಾ ಹಿಡಿಯೋ ಹಾಗಿಲ್ಲ, ಮಾರೋ ಹಾಗಿಲ್ಲ. ಅಕ್ಟೋಬರ್‌ನಲ್ಲಿ ಮೊಟ್ಟೆ ಇಡೋ ಹೊತ್ತಿಗೆ 22 ದಿನ ಇಲಿಶ್ ಬಲೆ ಪೂರ್ತಿ ಬಂದ್. ಬಲೆ ಕಟ್ಟಿಟ್ಟ ಮನೆಗಳಿಗೆ ಸರ್ಕಾರ ಅಕ್ಕಿ ಕೊಡುತ್ತೆ, ಜಾಟ್ಕಾ ಕಾಲದಲ್ಲಿ ತಿಂಗಳಿಗೆ 40 ಕೆ.ಜಿ.

2008-09ರಲ್ಲಿ ಸುಮಾರು 3 ಲಕ್ಷ ಟನ್ ಇದ್ದದ್ದು 2022-23ಕ್ಕೆ 5.71 ಲಕ್ಷಕ್ಕೆ ಏರಿತು. ಆದರೆ 2023-24ರಲ್ಲಿ 5.29 ಲಕ್ಷಕ್ಕೆ ಇಳಿದಿದೆ. ಅಕ್ಕಿ ಕೊಟ್ಟರೂ ಹೊಳೆಯ ಬಾಯಿಗೆ ಹೂಳು ತುಂಬೋದು ನಿಲ್ಲಲ್ಲ.

ಇನ್ನು ನಿಮ್ಮ ಅಂಗಡಿಯವರಿಗೆ ಹೇಳಲೇಬೇಕಾದ ಸಂಗತಿ. ಬಾಂಗ್ಲಾದೇಶದಲ್ಲಿ ಸಮುದ್ರ ಬಂದ್ ಮೊದಲು ಮೇ 20ರಿಂದ ಜುಲೈ 23ರವರೆಗೆ, 65 ದಿನ ಇತ್ತು. ನಮ್ಮ ಪೂರ್ವ ಕರಾವಳಿಯ ರಜೆ ಜೂನ್ 14ಕ್ಕೇ ಮುಗಿಯುತ್ತಲ್ಲ? ಅಲ್ಲಿನ ಮೀನುಗಾರರು ವರ್ಷಗಟ್ಟಲೆ ಕೂಗಿದ್ದು ಏನು ಗೊತ್ತಾ? "ನಾವು ಬಲೆ ಕಟ್ಟಿ ಕೂತಿರುವಾಗ ಇಂಡಿಯಾದವರು ಬಂದು ಬಾಚ್ಕೊಂಡು ಹೋಗ್ತಾರೆ" ಅಂತ! ಕೊನೆಗೆ 2025ರಿಂದ ಏಪ್ರಿಲ್ 15ರಿಂದ ಜೂನ್ 11ಕ್ಕೆ ಬದಲಾಯಿಸಿಕೊಂಡರು, ನಮ್ಮ ರಜೆಗೆ ಹೊಂದಿಕೊಳ್ಳೋ ಹಾಗೆ.

ತಿಪಟೂರು ಕೊಬ್ಬರಿ
ಅಂದರೆ ಢಾಕಾದ ಮೀನಂಗಡಿಯಲ್ಲೂ ಒಬ್ಬ ಯಜಮಾನ ತಲೆ ಎತ್ತದೆ ಇದೇ ಡೈಲಾಗು ಹೊಡೀತಿದ್ದಾನೆ.

ಗುಬ್ಬಿ ಸೊಸೆ
ಲಂಕಾದಲ್ಲಂತೂ ಅದು ದಿನನಿತ್ಯದ ಮಾತು. ಅಲ್ಲಿ 2017ರಿಂದ ತಳ ಎಳೆಯೋ ಟ್ರಾಲ್ ಬಲೆಯೇ ಕಾನೂನಿಗೆ ವಿರುದ್ಧ. ತಮಿಳುನಾಡಿನ ಟ್ರಾಲ್ ಬೋಟುಗಳು ನಡುವಿನ ಪಾಲ್ಕ್ ಕೊಲ್ಲಿ ದಾಟಿ ಜಾಫ್ನಾ ಕಡೆಗೆ ಹೋಗುತ್ತವೆ. ಅಲ್ಲಿನವರೂ ತಮಿಳರೇ, ಇವರೂ ತಮಿಳರೇ. ಲಂಕೆಯ ಒಳಯುದ್ಧದ ಕಾಲದಲ್ಲಿ ಜಾಫ್ನಾದವರನ್ನ ಸಮುದ್ರಕ್ಕೇ ಬಿಡ್ತಿರಲಿಲ್ಲ. 2009ರಲ್ಲಿ ಯುದ್ಧ ಮುಗಿದು ಬಲೆ ಹಿಡಿದು ಹೋದರೆ, ರಾತ್ರಿ ಇಂಡಿಯಾದ ಬೋಟು ಬಂದು ಬಲೆ ಹರಿದು ಹಾಕ್ತವೆ ಅಂತ ಅವರ ಗೋಳು. ನಮ್ಮವರನ್ನ ಹಿಡಿದಾಗ ಟಿವಿಯಲ್ಲಿ ಬರೀ ನಮ್ಮ ಗೋಳು ಬರುತ್ತೆ. ಬೋಟಿನ ಮನೆಯಿಂದ ಬಂದವಳಾಗಿ ಹೇಳ್ತೀನಿ, ಬಲೆ ಹರಿದುಕೊಂಡವನ ಹೊಟ್ಟೆ ಉರಿ ಯಾವ ದೇಶದಲ್ಲಾದರೂ ಒಂದೇ.

ಕೋಲಾರದ ಲೆಕ್ಕಿಗ
ಲಂಕೆಯ ಮೀನಿನ ಲೆಕ್ಕ ನೋಡಿದರೆ ಆ ದೇಶದ ಚರಿತ್ರೆಯೇ ಅದರಲ್ಲಿದೆ. 2004ರ ಡಿಸೆಂಬರ್ ಸುನಾಮಿ ಮುಕ್ಕಾಲು ಪಾಲು ದೋಣಿಗಳನ್ನ ಮುರಿದೋ ಕೊಚ್ಚಿಕೊಂಡೋ ಹೋಯಿತು. 2005ರಲ್ಲಿ ಉತ್ಪಾದನೆ ಪಾತಾಳಕ್ಕೆ. ಯುದ್ಧ ಮುಗಿದ ಮೇಲೆ ಉತ್ತರ, ಪೂರ್ವದ ಸಮುದ್ರ ತೆರೆದು ಏರಿತು. 2015ರಿಂದ ಯುರೋಪಿನವರು ಲಂಕೆಯ ಮೀನು ಬೇಡ ಅಂದರು, ದೂರದ ಸಮುದ್ರದಲ್ಲಿ ಕಾನೂನು ಮೀರಿ ಹಿಡಿಯೋದನ್ನ ತಡೆಯಲ್ಲ ಅಂತ. 2016ರ ಜೂನ್‌ನಲ್ಲಿ ಆ ನಿಷೇಧ ತೆಗೆದರು. ಆಮೇಲೆ 2022ರ ದಿವಾಳಿ. ಆಗಸ್ಟ್‌ನಲ್ಲಿ ಸೀಮೆಎಣ್ಣೆ ಲೀಟರಿಗೆ 87 ಲಂಕಾ ರೂಪಾಯಿ ಇದ್ದದ್ದು ಒಂದೇ ಏಟಿಗೆ 340 ಆಯ್ತು. ಚಿಕ್ಕ ದೋಣಿಯ ಎಂಜಿನ್ ಓಡೋದೇ ಸೀಮೆಎಣ್ಣೆಯಲ್ಲಿ. ಸಮುದ್ರದಲ್ಲಿ ಮೀನು ಇತ್ತು, ಹೋಗೋಕೆ ಎಣ್ಣೆ ಇರಲಿಲ್ಲ. ಆ ವರ್ಷದ ಅಂಕಿ ಇಳಿದರೆ ಅದು ಮೀನಿನ ತಪ್ಪಲ್ಲ.

ಮಾಲ್ಡೀವ್ಸ್ ಬೇರೆಯೇ. ಅಲ್ಲಿ ಸೂರೆ ಮೀನಿಗೆ, ಅಂದರೆ ಟ್ಯೂನಾಗೆ, ಬಲೆಯೇ ಹಾಕಲ್ಲ, ಗಾಳ. ದೋಣಿಯ ಹಿಂಭಾಗದಲ್ಲಿ ಸಾಲಾಗಿ ನಿಂತು ಒಂದೊಂದೇ ಮೀನನ್ನ ಕೋಲಿನಿಂದ ಎತ್ತಿ ಹಿಂದಕ್ಕೆ ಎಸೀತಾರೆ. ಹಾಗಿದ್ದೂ 2006ರಲ್ಲಿ ಸುಮಾರು 1.8 ಲಕ್ಷ ಟನ್ ಇದ್ದದ್ದು ನಾಲ್ಕೇ ವರ್ಷದಲ್ಲಿ 1 ಲಕ್ಷಕ್ಕಿಂತ ಕೆಳಗೆ ಬಂತು. ಸೂರೆ ಮೀನು ಇಡೀ ಹಿಂದೂ ಮಹಾಸಾಗರ ಸುತ್ತೋ ಜೀವ. ಇವರೊಬ್ಬರು ಗಾಳ ಹಿಡಿದು ಮರ್ಯಾದೆಯಿಂದ ಕೂತರೆ ಏನು ಬಂತು, ದೂರದಲ್ಲಿ ದೊಡ್ಡ ಹಡಗುಗಳು ಊರಗಲ ಬಲೆ ಸುತ್ತುತ್ತಿರುವಾಗ.

ಶಿಡ್ಲಘಟ್ಟ ರೇಷ್ಮೆ
ಪಾಕಿಸ್ತಾನ ಬಿಟ್ಟುಬಿಟ್ಟಿರಿ?

ಕೋಲಾರದ ಲೆಕ್ಕಿಗ
ಅಲ್ಲಿಯೂ ಸಮುದ್ರದ್ದು ನಿಂತ ನೀರೇ. ಯುರೋಪಿನವರು 2007ರಿಂದ 2013ರವರೆಗೆ ಅವರ ಮೀನನ್ನೂ ಬೇಡ ಅಂದಿದ್ದರು, ಶುಚಿತ್ವದ ಕಾರಣಕ್ಕೆ. ಗುಜರಾತಿನ ಸರ್ ಕ್ರೀಕ್ ಹತ್ತಿರ ಗಡಿ ಎಲ್ಲಿದೆ ಅಂತ ನೀರಿನ ಮೇಲೆ ಬರೆದಿಲ್ಲವಲ್ಲ. ಪ್ರತಿ ಜನವರಿ 1, ಜುಲೈ 1ಕ್ಕೆ ಎರಡೂ ದೇಶ ತಮ್ಮ ಜೈಲಿನಲ್ಲಿರುವವರ ಪಟ್ಟಿ ಕೊಟ್ಟು ತಗೊಳ್ಳುತ್ತವೆ. ಅದರಲ್ಲಿ ಮೀನುಗಾರರದ್ದೇ ಬೇರೆ ಪಟ್ಟಿ.

ಎಲ್ಲಕ್ಕಿಂತ ಮಜಾ ಮ್ಯಾನ್ಮಾರ್‌ನದು. ಅವರ ಸಮುದ್ರದ ಲೆಕ್ಕ ವರ್ಷ ವರ್ಷ ಏರುತ್ತಲೇ ಹೋಯಿತು. 2008ರಲ್ಲಿ ನರ್ಗಿಸ್ ಚಂಡಮಾರುತ ಬಂದು ಲಕ್ಷಕ್ಕೂ ಜಾಸ್ತಿ ಜನ ಸತ್ತು, ದೋಣಿಗಳು ಚೂರುಚೂರಾದ ವರ್ಷವೂ ಏರಿಕೆಯೇ! 2014ಕ್ಕೆ 27 ಲಕ್ಷ ಟನ್ ಅಂತ ಬರೆದಿದ್ದರು. ವಿಶ್ವಸಂಸ್ಥೆಯ ಆಹಾರ ಸಂಸ್ಥೆಯವರಿಗೆ ಅನುಮಾನ ಬಂದು ಕೂತು ಲೆಕ್ಕ ಹಾಕಿಸಿದರು. ಹಳೇ ಅಂಕಿಗಳನ್ನೆಲ್ಲ ತಿದ್ದಿ, 2015ಕ್ಕೆ ಬಂದದ್ದು 11 ಲಕ್ಷ ಚಿಲ್ಲರೆ. ಅಷ್ಟು ವರ್ಷ ಅವರು ಬರೆದದ್ದು ಹಿಡಿದ ಮೀನಲ್ಲ, ಸರ್ಕಾರ ಇಟ್ಟ ಗುರಿ. ಇತ್ತ 2013ರಲ್ಲಿ ಒಂದು ಸಂಶೋಧನಾ ಹಡಗು ಸರ್ವೆ ಮಾಡಿದಾಗ, ಮೇಲ್ನೀರಿನ ಮೀನಿನ ದಾಸ್ತಾನು 1979-80ರಲ್ಲಿ ಇದ್ದದ್ದರ ಹತ್ತನೇ ಒಂದು ಭಾಗಕ್ಕೆ ಇಳಿದಿತ್ತು. ಕಾಗದದಲ್ಲಿ ಮೀನು ತುಂಬಿ ತುಳುಕುತ್ತಿದ್ದಾಗ ನೀರಿನಲ್ಲಿ ಖಾಲಿ ಆಗುತ್ತಿತ್ತು.

ಕೆರೆ ಸೊಸೈಟಿ
ಓದಿ ನಗು ತಡೆಯೋಕಾಗಲಿಲ್ಲ. ಒಂದು ಕಡೆ ಲೆಕ್ಕದ ಪುಸ್ತಕ ನೋಡಿದ್ದೆ, ಯಾವ ಊರಿನದು ಅಂತ ಕೇಳಬೇಡಿ. ಬರೆಯೋ ಮಹಾನುಭಾವರು ವರ್ಷ ವರ್ಷ ಹಿಂದಿನದಕ್ಕೆ ಹತ್ತು ಪರ್ಸೆಂಟ್ ಸೇರಿಸಿ ಬರೀತಿದ್ದರು. ಒಂದು ವರ್ಷ ಕೆರೆ ಒಣಗಿ ಹುಡುಗರು ಕ್ರಿಕೆಟ್ ಆಡ್ತಿದ್ದರು. ಪುಸ್ತಕದಲ್ಲಿ ಆ ವರ್ಷವೂ ಹತ್ತು ಪರ್ಸೆಂಟ್ ಮೀನು ಜಾಸ್ತಿ!

ಕುಣಿಗಲ್ ಕುದುರೆ
ಹಾಗಾದರೆ ನಮ್ಮ ದೇಶದ ಲೆಕ್ಕ ಯಾಕೆ ನಂಬಬೇಕು ಲೆಕ್ಕಿಗರೇ? ನೀವೇ ಮೊದಲು ಸಮುದ್ರದ್ದು 44 ಲಕ್ಷ ಅಂದಿರಿ, ಮುಂದಿನ ಸಾಲಲ್ಲೇ 34.9 ಅಂದಿರಿ. ನಾನು ಗಮನಿಸಿಲ್ಲ ಅಂದುಕೊಂಡಿರಾ?

ಕೋಲಾರದ ಲೆಕ್ಕಿಗ
ಸಿಕ್ಕಿಬಿದ್ದೆ. 44 ಲಕ್ಷ ರಾಜ್ಯಗಳ ಇಲಾಖೆಗಳು ಕೊಟ್ಟು ಕೇಂದ್ರ ಕೂಡಿಸಿದ್ದು. 35ರ ಆಸುಪಾಸಿನದು ಕೊಚ್ಚಿ ಸಂಸ್ಥೆಯದು. ಅವರ ಜನ ಬಂದರುಗಳಲ್ಲಿ ನಿಂತು, ಇಂಥ ದಿನ ಇಂಥ ಬೋಟು ಅಂತ ಸ್ಯಾಂಪಲ್ ತೆಗೆದು ಅಂದಾಜು ಕಟ್ಟುತ್ತಾರೆ. ದಶಕಗಳಿಂದ ಒಂದೇ ಥರ ಎಣಿಸುತ್ತಾ ಬಂದಿದ್ದಾರೆ. ಏರಿತಾ ಇಳಿಯಿತಾ ಅಂತ ನೋಡೋಕೆ ನಾನು ಅದನ್ನೇ ನಂಬೋದು. ಅಳತೆಗೋಲು ತುಸು ಗಿಡ್ಡ ಇದ್ದರೂ ಪರವಾಗಿಲ್ಲ, ಪ್ರತಿ ವರ್ಷ ಅದೇ ಕೋಲು ಇರಬೇಕು.

ಗುಬ್ಬಿ ಸೊಸೆ
ನಂಬಬಹುದು ಅನ್ನೋಕೆ ಬೂತಾಯಿ ಮೀನೇ ಸಾಕ್ಷಿ. ಅದೇ ಸಂಸ್ಥೆಯ ಲೆಕ್ಕದಲ್ಲಿ ಕೇರಳದ ಬೂತಾಯಿ 2012ರಲ್ಲಿ 3.99 ಲಕ್ಷ ಟನ್. 2021ರಲ್ಲಿ ಎಷ್ಟು ಗೊತ್ತಾ? ಬರೀ 3,297 ಟನ್. ಲಕ್ಷ ಅಲ್ಲ, ಮೂರು ಸಾವಿರ ಚಿಲ್ಲರೆ! ಬರೆಯೋದು ಹತ್ತು ಪರ್ಸೆಂಟ್ ಸೇರಿಸೋರಾಗಿದ್ದರೆ ಇಂಥ ಅಂಕಿ ಹೊರಗೆ ಬರ್ತಿರಲಿಲ್ಲ. 2024ಕ್ಕೆ ಮತ್ತೆ ಒಂದೂವರೆ ಲಕ್ಷದ ಹತ್ತಿರ ಬಂತು. ಬೂತಾಯಿ ಹಾಗೇನೇ. ನೀರಿನ ಬಿಸಿ, ಮಳೆ, ತಳದಿಂದ ಮೇಲೇಳೋ ತಣ್ಣೀರು, ಎಲ್ಲಾ ಕೂಡಿಬಂದರೆ ರಾಶಿ, ಇಲ್ಲದಿದ್ದರೆ ಇಲ್ಲ. ನಾನು ಚಿಕ್ಕವಳಿದ್ದಾಗ ರೇಟು ಬಿದ್ದು ತೆಂಗಿನ ಬುಡಕ್ಕೆ ಗೊಬ್ಬರ ಹಾಕಿದ್ದೂ ಇದೆ.

ಆದರೆ ಮರಿ ಹಿಡಿದರೆ ಯಾವ ಮಳೆ ಬಂದರೂ ಪ್ರಯೋಜನ ಇಲ್ಲ. ಮಲ್ಪೆಯಲ್ಲಿ ಬೋಟಿನಿಂದ ಇಳಿಯೋ ಚಿಲ್ಲರೆ ಮೀನು ನೇರ ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಗುತ್ತೆ. ಅಲ್ಲಿ ಪುಡಿಯಾಗಿ ಎಲ್ಲೋ ಸಾಕೋ ಸಿಗಡಿಗೆ, ಮೀನಿಗೆ, ಕೋಳಿಗೆ ಮೇವು. ಲೆಕ್ಕಿಗರು ಸಾಕಿದ್ದು ಬೇರೆ, ಹಿಡಿದದ್ದು ಬೇರೆ ಅಂದರಲ್ಲ, ಹಿಡಿದ ಮರಿಯನ್ನೇ ತಿನ್ನಿಸಿ ಸಾಕೋದೂ ಇದೆ. ಅದನ್ನ ಯಾವ ಚೀಲಕ್ಕೆ ಹಾಕ್ತೀರಿ?

ಕುದುರೆಯಣ್ಣ, ಟನ್ನಿನ ಲೆಕ್ಕ ಬಿಡಿ. ನಮ್ಮಪ್ಪ ಬುಟ್ಟಿಗೆ ಕೈ ಹಾಕಿ ಒಂದು ಮೀನು ಎತ್ತಿ ಅಂಗೈ ಮೇಲೆ ಇಟ್ಟು ನೋಡೋರು. ಅಷ್ಟೇ. ಕೇರಳದಲ್ಲಿ ಇದಕ್ಕೆ ಕಾನೂನೇ ಇದೆ. ಬಂಗುಡೆ 14 ಸೆಂ.ಮೀ., ಬೂತಾಯಿ 10 ಸೆಂ.ಮೀ., ಅದಕ್ಕಿಂತ ಚಿಕ್ಕದು ಹಿಡಿಯೋ ಹಾಗಿಲ್ಲ. ಮೂತಿಯಿಂದ ಬಾಲದ ತುದಿವರೆಗೆ ಅಳೀಬೇಕು. ಮುಂದಿನ ಭಾನುವಾರ ಅಳೆದು ಹೇಳಿ.

ಕುಣಿಗಲ್ ಕುದುರೆ
ಅಕ್ಕಾ, ಇವತ್ತು ಹೋಗಿದ್ದೆ. ಮಗಳ ಜಾಮೆಟ್ರಿ ಬಾಕ್ಸಿನಿಂದ 15 ಸೆಂ.ಮೀ. ಸ್ಕೇಲು ಎತ್ತಿಕೊಂಡು ಹೋದೆ. ಅಂಗಡಿಯವರು ಮೊದಲ ಸಲ ತಲೆ ಎತ್ತಿ ನೋಡಿದರು. ಮೇಲೆ ಇಟ್ಟಿದ್ದ ಬಂಗುಡೆಗೆ ಸ್ಕೇಲು ಸಾಲಲಿಲ್ಲ, ಬಾಲ ಹೊರಗೆ. ಖುಷಿಯಾಯ್ತು. ಐಸ್ ಸರಿಸಿ ಕೆಳಗಿನ ಪದರದಿಂದ ಐದು ತೆಗೆಸಿದೆ. 14, 13, 13, 14, ಮತ್ತೆ ಒಂದು ಹನ್ನೆರಡೂವರೆ. "ಏನ್ ಸಾರ್, ಮೀನಿಗೆ ಚಡ್ಡಿ ಹೊಲಿಸ್ತೀರಾ?" ಅಂದರು. ಮೇಲಿನ ದೊಡ್ಡದರಲ್ಲೇ ಒಂದು ಕೆ.ಜಿ. ಹಾಕಿ ಅಂದೆ. ಆರಿಸಿ ತಗೊಂಡರೆ 350 ಅಂದರು. ಕೊಟ್ಟೆ.

ಬಾಂಗ್ಲಾದವರ ಕತೆಯನ್ನೂ ಹೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಂಗಾದ್ರೆ ಲಂಕಾದವರೇ ಸಾರ್" ಅಂದರು.

ತಿಪಟೂರು ಕೊಬ್ಬರಿ
ಸ್ಕೇಲಿನ ಗತಿ?

ಕುಣಿಗಲ್ ಕುದುರೆ
ಎರಡು ಸಲ ಸೋಪು ಹಾಕಿ, ಆಮೇಲೆ ಹುಣಸೆಹಣ್ಣು ಹಾಕಿ ತೊಳೆದೆ. ಮಗಳು ಮೂಸಿ ನೋಡಿ ವಾಪಸ್ ಕೊಟ್ಟಳು. ನಾಳೆ ಹೊಸದು ತರಬೇಕು. ಹಳೇದು ಇನ್ನು ಭಾನುವಾರಕ್ಕೆ.